ಚಿಹ್ನೆ ಬದಲಾದರೂ ಮತ ಬದಲಾಗದ ಕಥೆ: ಬಂಗಾರಪ್ಪ ಮತ್ತು ಸಣ್ಣ ಪಕ್ಷಗಳು



ವಿಜಯನಗರ, ರಾಜಾಜಿನಗರದ ಸುತ್ತಮುತ್ತಲಿನ ಮತದಾರರಿಗೆ ಪಕ್ಷಾಂತರ ಹೊಸ ಸುದ್ದಿಯೇನಲ್ಲ. ಬಿನ್ನಿಪೇಟೆ ಕ್ಷೇತ್ರದಲ್ಲಿ ವಿ. ಸೋಮಣ್ಣ ಅವರು 1994ರಲ್ಲಿ ಜನತಾ ದಳದಿಂದ, 1999ರಲ್ಲಿ ಪಕ್ಷೇತರರಾಗಿ, 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2008ರಲ್ಲಿ ಗೋವಿಂದರಾಜನಗರದಿಂದ ಕಾಂಗ್ರೆಸ್ ಶಾಸಕರಾದ ಅವರು ರಾಜೀನಾಮೆ ಕೊಟ್ಟು, 2009ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಸೋತರು. 2018ರಲ್ಲಿ ಅದೇ ಕ್ಷೇತ್ರದಲ್ಲಿ ಅದೇ ಪಕ್ಷದಿಂದ ಗೆದ್ದರು.

ಇದ್ದ ಪಕ್ಷ ಬಿಟ್ಟು ದೊಡ್ಡ ಪಕ್ಷ ಸೇರುವುದು ಒಂದು ಬಗೆ. ಹೊರಬಂದು ಸ್ವಂತ ಪಕ್ಷವನ್ನೇ ಕಟ್ಟುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಕರ್ನಾಟಕದಲ್ಲಿ ಸಿಗುವ ದೊಡ್ಡ ಉದಾಹರಣೆ ಸಾರೆಕೊಪ್ಪ ಬಂಗಾರಪ್ಪ.

ಶಾಂತವೇರಿ ಗೋಪಾಲಗೌಡರ ಸಮಾಜವಾದದ ನೆರಳಿನಲ್ಲಿ ಬೆಳೆದ ಬಂಗಾರಪ್ಪ 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಬಂದರು. 1994ರವರೆಗೆ ಅಲ್ಲಿ ಸತತ ಏಳು ಗೆಲುವು. ಈ ಅವಧಿಯಲ್ಲಿ ಪಕ್ಷದ ಹೆಸರು ಹಲವು ಬಾರಿ ಬದಲಾಯಿತು, ಗೆಲುವು ಬದಲಾಗಲಿಲ್ಲ. 'ಸೋಲಿಲ್ಲದ ಸರದಾರ' ಎಂಬ ಬಿರುದು ಬಂದದ್ದು ಹೀಗೆ. ದೇವರಾಜ ಅರಸರ ನಂತರ ಕ್ರಾಂತಿರಂಗದ ಮುಂದಾಳಾಗಿದ್ದ ಅವರು, 1983ರಲ್ಲಿ ಜನತಾ ಪಕ್ಷದೊಂದಿಗಿನ ಮೈತ್ರಿಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದವರಲ್ಲೊಬ್ಬರು. ಆದರೆ ಮುಖ್ಯಮಂತ್ರಿ ಪದವಿ ರಾಮಕೃಷ್ಣ ಹೆಗಡೆಯವರ ಪಾಲಾಯಿತು. ಬಂಗಾರಪ್ಪ ಕಾಂಗ್ರೆಸ್ಸಿಗೆ ಮರಳಿ, 1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದರು. 1992ರ ನವೆಂಬರ್‌ನಲ್ಲಿ ಆ ಸ್ಥಾನ ವೀರಪ್ಪ ಮೊಯಿಲಿಯವರಿಗೆ ಹೋಯಿತು.

ಆಗ ಹುಟ್ಟಿದ್ದೇ ಕರ್ನಾಟಕ ಕಾಂಗ್ರೆಸ್ ಪಕ್ಷ. 1994ರ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 10 ಸ್ಥಾನ. ಸಂಖ್ಯೆ ಸಣ್ಣದಾದರೂ ಹೊಡೆತ ಸಣ್ಣದಲ್ಲ: ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಿತು, ಜನತಾ ದಳ 115ರೊಂದಿಗೆ ಅಧಿಕಾರ ಹಿಡಿಯಿತು. 1996ರಲ್ಲಿ ಬಂಗಾರಪ್ಪ ಅದೇ ಪಕ್ಷದಿಂದ ಶಿವಮೊಗ್ಗದ ಲೋಕಸಭಾ ಸದಸ್ಯರಾದರು. ಮುಂದೆ ಕರ್ನಾಟಕ ವಿಕಾಸ ಪಕ್ಷ ಕಟ್ಟಿ 1998ರಲ್ಲಿ ಸೋತರು. 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ ಗೆದ್ದರು. 2005ರಲ್ಲಿ ಆ ಸ್ಥಾನ ಬಿಟ್ಟು ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಗುರುತಿನ ಮೇಲೆ ಗೆದ್ದರು. ಶಿವಮೊಗ್ಗದಲ್ಲಿ ಆ ಪಕ್ಷಕ್ಕೆ ಬೇರು ಇರಲಿಲ್ಲ. ಬೇರು ಇದ್ದದ್ದು ಬಂಗಾರಪ್ಪನವರಿಗೆ.

ಈ ಬೇರು ಎಲ್ಲಿಂದ ಬಂತು? ಮಲೆನಾಡಿನ ಗೇಣಿದಾರರಲ್ಲಿ ಕಾಗೋಡು ಸತ್ಯಾಗ್ರಹದ ಕಾಲದಿಂದ ಬೆಳೆದ ರಾಜಕೀಯ ಎಚ್ಚರ, ದೀವರು ಮತ್ತಿತರ ಹಿಂದುಳಿದವರ ವಿಶ್ವಾಸ, ಮುಖ್ಯಮಂತ್ರಿಯಾಗಿದ್ದಾಗಿನ ಆಶ್ರಯ, ಆರಾಧನಾ, ವಿಶ್ವ ಯೋಜನೆಗಳ ನೆನಪು. 'ನಮ್ಮವರು' ಎಂಬ ಭಾವನೆಯ ಮುಂದೆ ಚಿಹ್ನೆ ಎರಡನೆಯದಾಯಿತು.

ಅವರ ಪಕ್ಷಗಳು ಉಳಿಯದಿದ್ದುದಕ್ಕೂ ಕಾರಣ ಇದೇ. ನಾಯಕನ ಹೆಸರಿನ ಮೇಲೆ ನಿಂತ ಪಕ್ಷಕ್ಕೆ ಬೇರೆ ಜಿಲ್ಲೆಗಳಲ್ಲಿ ಕಾರ್ಯಕರ್ತರಿರುವುದಿಲ್ಲ, ಎರಡನೇ ಸಾಲಿನ ನಾಯಕರು ಬೆಳೆಯುವುದಿಲ್ಲ. ನಾಯಕ ಹೊರಟರೆ ಕಚೇರಿಗೆ ಬೀಗ. ಮಾತು ಕೊಟ್ಟ ಪಕ್ಷವೇ ಇಲ್ಲವಾದಾಗ ಮತದಾರ ಲೆಕ್ಕ ಕೇಳುವುದು ಯಾರನ್ನು?

1985ರ ಪಕ್ಷಾಂತರ ನಿಷೇಧ ಕಾಯ್ದೆ ಗೆದ್ದವರು ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುವಂತೆ ಮಾಡಿತು. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋಗುವ ದಾರಿ ಮಾತ್ರ ತೆರೆದೇ ಇತ್ತು. 2019ರಲ್ಲಿ ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ, ಕೆಂಗೇರಿಯನ್ನೊಳಗೊಂಡ ಯಶವಂತಪುರದ ಎಸ್.ಟಿ. ಸೋಮಶೇಖರ್ ಇದೇ ದಾರಿ ಹಿಡಿದು, ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು.

ಬಂಗಾರಪ್ಪ 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು, 2009ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಶಿವಮೊಗ್ಗದಲ್ಲಿ ಬಿ.ವೈ. ರಾಘವೇಂದ್ರ ಅವರ ಎದುರು ಸೋತರು. ಬಳಿಕ ಜಾತ್ಯತೀತ ಜನತಾ ದಳ ಸೇರಿದರು. 2011ರ ಡಿಸೆಂಬರ್ 26ರಂದು ನಿಧನರಾದರು. ಅವರು ಕಟ್ಟಿದ ಪಕ್ಷಗಳು ಇಂದು ವಿಧಾನಸಭೆಯಲ್ಲಿಲ್ಲ. 2023ರಲ್ಲಿ ಸೊರಬದಲ್ಲಿ ಅವರ ಪುತ್ರರಾದ ಕುಮಾರ್ ಬಿಜೆಪಿಯಿಂದ, ಮಧು ಕಾಂಗ್ರೆಸ್ಸಿನಿಂದ ಎದುರುಬದುರು ನಿಂತರು, ಮಧು ಗೆದ್ದರು. ಉಳಿದದ್ದು ಮನೆತನದ ಹೆಸರು. ಸಣ್ಣ ಪಕ್ಷಗಳಿಂದ ರಾಜ್ಯಕ್ಕೆ ಹೊಸ ದಾರಿ ಸಿಗಬೇಕಾದರೆ, ಮತ ಕೇಳಲು ಬಂದವರನ್ನು ಒಂದು ಮಾತು ಕೇಳುವುದು ಒಳಿತು: ನೀವಿಲ್ಲದಿದ್ದರೂ ನಿಮ್ಮ ಪಕ್ಷ ಇರುತ್ತದೆಯೇ?