ಮನಸ್ಸಿನ ಕಾಯಿಲೆಗೆ ಫೋನಿನ ಸಲಹೆ: ಸಂಘ ಮಾಡಬಹುದಾದ ಕೆಲಸ

(ರಜತ ಮಹೋತ್ಸವ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಆಡಿದ ಮಾತುಗಳು)



ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ತಮ್ಮ ಮುಂದೆ ಇಟ್ಟಿದ್ದಾರೆ. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯದ ಒಂದು ಬಾಕಿ ನಮ್ಮ ಮೇಲೆ ಉಳಿದಿದೆ. ಇಪ್ಪತ್ತೈದು ವರ್ಷ ತುಂಬಿದ ಈ ದಿನ ಅದನ್ನು ತಮ್ಮೆದುರು ಒಪ್ಪಿಕೊಳ್ಳುವುದೇ ಸರಿ ಎಂದು ಆಡಳಿತ ಮಂಡಳಿಯವರಾದ ನಾವು ತೀರ್ಮಾನಿಸಿ ಬಂದಿದ್ದೇವೆ.

ನಮ್ಮ ಸದಸ್ಯರೊಬ್ಬರ ವಿಷಯ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇವೆ. ವರ್ಷಾ ವರ್ಷಾ ತಪ್ಪದೆ ಕಂತು ಕಟ್ಟುತ್ತಿದ್ದವರು. ಕಬ್ಬು ಬಿಟ್ಟು ಬಾಳೆ ಹಾಕಿದರು. ಒಂದು ಸಂಜೆಯ ಗಾಳಿ ಮಳೆಗೆ ಗೊನೆ ಬಿಟ್ಟ ತೋಟ ನೆಲ ಹಿಡಿಯಿತು. ಕಂತು ತಪ್ಪಿತು. ನಾವು ಮೊದಲನೇ ನೋಟೀಸು ಕೊಟ್ಟೆವು, ಎರಡನೇದು ಕೊಟ್ಟೆವು. ಮೂರನೇದನ್ನು ತಲುಪಿಸಲು ಹೋದ ಗುಮಾಸ್ತರಿಗೆ ಅವರ ಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದ ಮಾತು ಇದು: “ಎರಡು ತಿಂಗಳಾತ್ರೀ, ರಾತ್ರಿ ನಿದ್ದಿ ಇಲ್ಲ, ಊಟ ಸೇರವಲ್ದು. ಹೊಲಕ್ಕ ಹೋಗ್ರಿ ಅಂದ್ರ ಗ್ವಾಡಿ ನೋಡ್ಕೊಂತ ಕುಂದರ್ತಾರ. ನೀವು ಕಾಗದ ಮೇಲೆ ಕಾಗದ ಕಳಸ್ತೀರಿ. ಯಾಕಪಾ ಮನುಷ್ಯ ಕಾಣವಲ್ಲ ಅಂತ ಒಬ್ಬರಾದ್ರೂ ಬಂದು ಕೇಳಿದ್ರೇನ್ರೀ?”

ಬಂಧುಗಳೇ, ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಮನೆಯವರು ಸುಮ್ಮನೆ ಕೂತಿರಲಿಲ್ಲ. ದೇವರ ಹತ್ತಿರ ಕೇಳಿಸಿದ್ದರು, ತಾಯಿತ ಕಟ್ಟಿಸಿದ್ದರು. ದೇವರಿಗೆ ನಡೆದುಕೊಳ್ಳುವುದು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದರೆ, ಹುಚ್ಚು ಅಂತ ಹೆಸರು ಬಿದ್ದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಭಯ. ಕೊನೆಗೆ ಆ ಮಗಳೇ ಕಾಲೇಜಿನಲ್ಲಿ ಕೇಳಿ ತಿಳಿದು ಒಂದು ನಂಬರು ತಂದಳು: 14416.

ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಬಟನ್ ಫೋನಾದರೂ ಸಾಕು. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಕಷ್ಟ ಕೇಳುತ್ತಾರೆ. ಅಗತ್ಯವಿದ್ದರೆ ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ಒಪ್ಪಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಮುಖ ನೋಡಿ ಮಾತಾಡುವ ವಿಡಿಯೋ ಸಲಹೆಯನ್ನೂ ತಂದರು. ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮನೋವೈದ್ಯರು ವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಮಾತ್ರೆ ಬರೆಯುವುದಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಮಯ ಗೊತ್ತುಮಾಡಿ, ಮಾತಿನ ಮೂಲಕ ಮನಸ್ಸಿನ ಗಂಟು ಬಿಡಿಸಿಕೊಳ್ಳಲು ಕಲಿಸುತ್ತಾರೆ. ಕೆಲವರಿಗೆ ಒಬ್ಬರು ಸಾಕು, ಕೆಲವರಿಗೆ ಇಬ್ಬರೂ ಬೇಕು. ಖಾಸಗಿಯಾಗಿ ಫೀ ತೆಗೆದುಕೊಂಡು ವಿಡಿಯೋದಲ್ಲಿ ನೋಡುವವರೂ ಇದ್ದಾರೆ. ಅಂಥವರ ಓದು, ನೋಂದಣಿ ಏನು ಎಂದು ಮೊದಲೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಒಂದೇ ದಿನದಲ್ಲಿ ವಾಸಿ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಓಟಿಪಿ ಕೇಳಿದರೆ ಫೋನು ಇಟ್ಟುಬಿಡಿ.

ನಮ್ಮ ಸದಸ್ಯರ ಕಥೆಗೆ ಬರೋಣ. ಅವರದು ಎರಡು ಅಂಕಣದ ಮನೆ. ಪಕ್ಕದ ಮನೆಗೂ ಅವರಿಗೂ ಒಂದೇ ಗೋಡೆ. ಆದ್ದರಿಂದ ಫೋನು ಹಿಡಿದು ಬಸವಣ್ಣ ಕಾಲುವೆಯ ಏರಿಗೆ ಹೋದರು. ಮೊದಲನೇ ಸಲ ಮಾತಾಡಲು ಆಗದೆ ಬರೀ ಅತ್ತರಂತೆ. ಆ ಕಡೆಯವರು ಫೋನು ಇಡದೆ ಕಾದರಂತೆ. ಎರಡನೇ ಸಲ ಮಾತು ಬಂತು. ಮೂರನೇ ಸಲಕ್ಕೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬಿದ್ದರು. ಕಾಲುವೆ ಏರಿ ಮ್ಯಾಲೆ ಕೂತು ಅಳ್ತಾನೆ ಅಂತ ಸಂಜೆಯೊಳಗೆ ಚಾವಡಿ ಕಟ್ಟೆಯವರೆಗೆ ಸುದ್ದಿ ಬಂತು. ಅಲ್ಲಿಗೆ ಫೋನು ಮಾಡುವುದನ್ನೇ ಬಿಟ್ಟರು.

ಆಗ ನಾವು ಮಾಡಿದ್ದು ಸಣ್ಣ ಕೆಲಸ. ಗೊಬ್ಬರದ ಗೋಡೌನಿನ ಪಕ್ಕದ ಕೋಣೆಯ ಬೀಗದ ಕೈ ಅವರಿಗೆ ಕೊಟ್ಟೆವು. ಭಾನುವಾರ ಕಚೇರಿ ರಜೆ. ಸಂಘಕ್ಕೆ ಬರುವವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದರು. ಕೆಲವು ತಿಂಗಳ ನಂತರ ಒಂದು ದಿನ ಕೀಲಿ ತಂದು ಮೇಜಿನ ಮೇಲಿಟ್ಟು, “ಈ ಸಲ ಏನು ಹಾಕಿದ್ರೆ ಚಲೋ?” ಎಂದು ಬೆಳೆಯ ಮಾತೆತ್ತಿದರು. ಅವರು ಇವತ್ತು ಈ ಸಭೆಯಲ್ಲೇ ಇದ್ದಾರೆ. ಯಾರು ಅಂತ ಹುಡುಕಬೇಡಿ.

ಫೋನಿನಲ್ಲಿ ಊರಿಗೆ ಡಾಕ್ಟರು ಬಂದರೂ, ಮಾತಾಡಲು ಒಂದು ಮರೆ, ಗುಟ್ಟು ಕಾಯುವ ನಾಲ್ಕು ಜನ ಇಲ್ಲದಿದ್ದರೆ ಆ ಫೋನು ಉಪಯೋಗವಿಲ್ಲ. ಅದನ್ನು ಬೆಂಗಳೂರಿನವರು ಕೊಡಲು ಆಗುವುದಿಲ್ಲ, ಊರೇ ಕೊಡಬೇಕು. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವೈದ್ಯರಿಗೆ ಹೇಳುತ್ತದೆ. ಚಾವಡಿ ಕಟ್ಟೆಗೆ ಕಾಯಿದೆ ಇಲ್ಲ, ನಮ್ಮ ಮರ್ಯಾದೆಯೇ ಕಾಯಿದೆ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. 1980ರ ದಶಕದಲ್ಲಿ, ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧಿ ಸಿಗುವಂತೆ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ ಸೀಮೆಯವರಾದ ನಾವೇ ನಾಚಿಕೊಂಡು ಕೂತರೆ ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದದ್ದು ತಮಗೆ ನೆನಪಿದೆ. 33 ಗೇಟಿನಲ್ಲಿ ಒಂದು ಹೋಯಿತೆಂದು ಡ್ಯಾಮೇ ಕೆಟ್ಟಿತು ಎಂದು ಯಾರೂ ಕೈಬಿಡಲಿಲ್ಲ. ತಿಳಿದವರನ್ನು ಕರೆಸಿದರು, ಹರಿಯುವ ನೀರಿನಲ್ಲೇ ತಡೆ ಇಳಿಸಿದರು. ಮನುಷ್ಯನಿಗೆ ಒಂದು ಕೊಂಡಿ ಕಳಚಿದರೆ ಮಾತ್ರ ನಾವು ಅಡ್ಡಹೆಸರು ಇಡುತ್ತೇವೆ.

ಫೋನಿಗೂ ಒಂದು ಮಿತಿ ಇದೆ. ಜೀವ ಕಳಕೊಳ್ಳುವ ಮಾತು ಬಂದರೆ ಅವರನ್ನು ಒಂಟಿ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ. ಹಾಗೆಯೇ ಮಾತಿನಿಂದ ಸಾಲ ತೀರುವುದಿಲ್ಲ. ಮನಸ್ಸಿಗೆ ಸಮಾಲೋಚಕರು, ಸಾಲಕ್ಕೆ ಸಂಘ. ಆ ಹೊಣೆ ನಮ್ಮದೇ.

ಆದ್ದರಿಂದ ಆಡಳಿತ ಮಂಡಳಿ ಮೂರು ಸಂಗತಿ ನಿರ್ಧರಿಸಿದೆ. ಒಂದು, ಇನ್ನು ಮುಂದೆ ಎರಡನೇ ನೋಟೀಸಿಗೆ ಮೊದಲು ನಿರ್ದೇಶಕರೊಬ್ಬರು ಸದಸ್ಯರ ಮನೆಗೆ ಹೋಗಿ ಕ್ಷೇಮ ವಿಚಾರಿಸಬೇಕು, ಕಂತಿನ ಅವಧಿ ಮಾತಾಡಬೇಕು. ಎರಡು, ಗೋಡೌನಿನ ಪಕ್ಕದ ಕೋಣೆ ಗಂಡಸರು, ಹೆಂಗಸರು, ಓದುವ ಮಕ್ಕಳು ಯಾರಿಗಾದರೂ ಫೋನಿನ ಸಲಹೆಗೆ ತೆರೆದಿರುತ್ತದೆ. ಹೆಸರು ಬರೆಯುವ ಪುಸ್ತಕ ಅಲ್ಲಿ ಇರುವುದಿಲ್ಲ. ಮೂರು, ಕೀಟನಾಶಕ ಮಾರುವ ಸಂಘವೇ ಅದನ್ನು ಬೀಗ ಹಾಕಿ ಇಡಿರೆಂದು ಪ್ರತಿ ಸಲ ಹೇಳಬೇಕು. 14416 ನಂಬರನ್ನು ರಸೀದಿಯ ಮೇಲೂ ಅಚ್ಚು ಹಾಕಿಸುತ್ತೇವೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಒಬ್ಬನ ಹೆಗಲಿಗೆ ಮೀರಿದ ಭಾರವನ್ನು ಊರು ಕೂಡಿ ಹೊರಲಿ ಎಂದು. ಆ ಭಾರ ರೂಪಾಯಿಯದ್ದಷ್ಟೇ ಆಗಬೇಕಿಲ್ಲ.

ಮೂರನೇ ನೋಟೀಸು ಹಿಡಿದು ಹೋದ ಆ ಮನೆಯ ತಾಯಿಯ ಕ್ಷಮೆ ಕೇಳಿ, ನಮ್ಮ ಎರಡು ಮಾತು ಮುಗಿಸುತ್ತೇವೆ.