ಚಳಿಗಾಲದ ರೂಮಿನಲ್ಲೊಂದು ಘಮ

ನಾನು ಮಾತಾಡ್ತಿರೋದು ನೆದರ್ಲೆಂಡ್ಸ್‌ನ ಲೈಡನ್ ಊರಿನಿಂದ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಎಂಟೂಮುಕ್ಕಾಲಿಗೆ, ಸಂಜೆ ನಾಲ್ಕೂವರೆಗೆ ಮುಳುಗಿಯೂ ಆಯ್ತು. ಚಳಿಗೆ ಜಾಕೆಟ್ ಇದೆ, ಕತ್ತಲಿಗೆ ಲೈಟ್ ಇದೆ. ಆದರೆ ಮೈಸೂರಿನಿಂದ ಬಂದ ಮೊದಲ ವರ್ಷ ನನ್ನನ್ನು ಕುಗ್ಗಿಸಿದ್ದು ಬೇರೆಯೇ. ಯಾವುದಕ್ಕೂ ಪರಿಮಳವೇ ಇಲ್ಲ! ಮುಚ್ಚಿದ ಕಿಟಕಿ, ಹೀಟರ್‌ನ ಒಣಗಾಳಿ. ಅಮ್ಮ ಮಲ್ಲಿಗೆ ಮುಡಿದು ವಿಡಿಯೋ ಕಾಲ್‌ಗೆ ಕೂತರೆ ಹೂವು ಕಾಣುತ್ತೆ, ಘಮ ಬರಲ್ಲ. ಆ ತಿಂಗಳು ಕೆಲಸಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನಾನು ರೂಮಿನಿಂದ ಆಚೆ ಹೋಗ್ತಿರಲಿಲ್ಲ.

ಅದನ್ನು ಗಮನಿಸಿದ ಕೆಳಗಿನ ಮನೆಯ ಅಜ್ಜಿ ಒಂದು ದಿನ ಗಾಜಿನ ಬಟ್ಟಲು, ಒಂದಿಷ್ಟು ನುಣುಪಾದ ಕಲ್ಲು, ಐದು ಗೆಡ್ಡೆ ತಂದುಕೊಟ್ಟರು. ಪೇಪರ್‌ವೈಟ್ ಅಂತ ಕರೀತಾರೆ, ನಾರ್ಸಿಸಸ್ ಜಾತಿ. ಮಣ್ಣು ಬೇಡ, ಗೊಬ್ಬರ ಬೇಡ. ಕಲ್ಲಿನ ಮೇಲೆ ಗೆಡ್ಡೆ ಕೂರಿಸಿ, ಬುಡಕ್ಕೆ ಮಾತ್ರ ತಾಗುವಷ್ಟು ನೀರು ಹಾಕಿದರೆ ಸಾಕು. ನಾಲ್ಕರಿಂದ ಆರು ವಾರದಲ್ಲಿ ಬಿಳಿ ಹೂವು.

ಘಮ ಬಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ. ಪೂರ್ತಿ ಮಲ್ಲಿಗೆಯಲ್ಲ, ಆದರೆ ನೆಂಟಸ್ತಿಕೆ ಇದೆ. ಆಮೇಲೆ ಗೊತ್ತಾಯ್ತು, ಪೇಪರ್‌ವೈಟ್‌ನಲ್ಲೂ ಮಲ್ಲಿಗೆ, ಜಾಜಿಯಲ್ಲೂ ಇಂಡೋಲ್ ಅನ್ನೋ ಒಂದೇ ರಾಸಾಯನಿಕ ಇದೆ. ತಮಾಷೆ ಏನಂದ್ರೆ, ಇಂಡೋಲ್ ಸಗಣಿಯಲ್ಲೂ ಇರುತ್ತೆ. ಅದಕ್ಕೇ ಇಲ್ಲಿ ಕೆಲವರಿಗೆ ಈ ಹೂವು ಕಂಡರೆ ಮೂಗು ಮುಚ್ಚಿಕೊಳ್ಳೋ ಹಾಗಾಗುತ್ತೆ. ನಮಗೋ, ಹಬ್ಬದ ಮನೆ!

ಒಂದು ತೊಂದರೆ ಇದೆ. ಬೆಳಕು ಕಡಿಮೆ ಇರೋ ರೂಮಲ್ಲಿ ದಂಟು ಉದ್ದವಾಗಿ ಬೆಳೆದು ಬಾಗಿ ಬಿದ್ದುಬಿಡುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ. ಏನು ಗೊತ್ತಾ? ಮದ್ಯ! ಮೊಳಕೆ ಒಂದೆರಡು ಇಂಚು ಬಂದ ಮೇಲೆ ಹಳೇ ನೀರು ಚೆಲ್ಲಿ, ಒಂದು ಪಾಲು ವೋಡ್ಕಾಗೆ ಏಳು ಪಾಲು ನೀರು ಬೆರೆಸಿ ಹಾಕಬೇಕು. ಗಿಡ ಮೂರನೇ ಒಂದು ಭಾಗದಷ್ಟು ಕುಳ್ಳಗಾಗುತ್ತೆ, ಹೂವು ಮಾತ್ರ ಅಷ್ಟೇ ದೊಡ್ಡದು. ಬಿಯರ್, ವೈನ್ ಬೇಡ, ಅದರ ಸಕ್ಕರೆ ಗಿಡಕ್ಕೆ ಆಗಲ್ಲ.

ಇನ್ನು ಹೈಸಿಂತ್. ಇದರ ಸ್ವಭಾವವೇ ಬೇರೆ, ಚಳಿ ತಿನ್ನದೆ ಸರಿಯಾಗಿ ಅರಳಲ್ಲ. ಬೇಸಿಗೆಯಲ್ಲೇ ಗೆಡ್ಡೆಯೊಳಗೆ ಪುಟ್ಟ ಮೊಗ್ಗಿನ ಗೊಂಚಲು ತಯಾರಾಗಿರುತ್ತೆ. ಅದು ಮೇಲೇಳಬೇಕಾದರೆ ಹತ್ತು ಹನ್ನೆರಡು ವಾರ 9 ಡಿಗ್ರಿಗಿಂತ ಕಡಿಮೆ ತಣ್ಣಗಿರಬೇಕು, ಕತ್ತಲೂ ಬೇಕು. ಪಾಪ ಅಂತ ಬೇಗ ಬೆಚ್ಚಗಿನ ರೂಮಿಗೆ ತಂದಿರೋ, ಎಲೆಗಳ ಮಧ್ಯೆಯೇ ಹೂವು ಸಿಕ್ಕಿಹಾಕಿಕೊಳ್ಳುತ್ತೆ. ಫ್ರಿಜ್‌ನಲ್ಲಿ ಇಡಬಹುದು, ಆದರೆ ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣಿನಿಂದ ಬರೋ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನೇ ಸಾಯಿಸುತ್ತೆ. ಮೊಳಕೆ ಎರಡು ಇಂಚು ಆದಮೇಲೆ ಹೊರಗೆ ತನ್ನಿ, ಎರಡು ಮೂರು ವಾರದಲ್ಲಿ ಇಡೀ ಮನೆ ಘಮ್ಮೆನ್ನುತ್ತೆ.

ದಯವಿಟ್ಟು ಇದನ್ನು ಮಾತ್ರ ಹಗುರವಾಗಿ ತಗೋಬೇಡಿ. ಈ ಗೆಡ್ಡೆಗಳು ನೋಡೋಕೆ ಥೇಟ್ ಈರುಳ್ಳಿ, ಆದರೆ ಎರಡೂ ವಿಷ. ಡಬ್ಬಿಯಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಬರೆದಿಡಿ. ಶೇರಿಂಗ್ ಫ್ಲ್ಯಾಟ್ ಆದರಂತೂ ಎಲ್ಲರಿಗೂ ಹೇಳಿಬಿಡಿ. ಮಕ್ಕಳು, ಬೆಕ್ಕು, ನಾಯಿ ಇದ್ದರೆ ಕೈಗೆ ಬಾಯಿಗೆ ಎಟುಕದ ಜಾಗ ನೋಡಿ. ಹೈಸಿಂತ್ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಕೆಲವರಿಗೆ ಕೈಯೆಲ್ಲ ತುರಿಕೆ ಬರುತ್ತೆ.

ಬೆಂಗಳೂರಿನಿಂದ ಕೇಳ್ತಿರೋರೇ, ನಿಮ್ಮ ಸುಗಂಧರಾಜಕ್ಕೆ ಈ ಫ್ರಿಜ್ ವೈದ್ಯ ಮಾಡಬೇಡಿ, ಅದಕ್ಕೆ ಬಿಸಿಲೇ ಬೇಕು. ಹೈಸಿಂತ್ ಗೆಡ್ಡೆ ಸಿಕ್ಕರೆ ಸೆಪ್ಟೆಂಬರ್ ಕೊನೆಗೆ ಫ್ರಿಜ್‌ಗೆ ಹಾಕಿ. ಸಂಕ್ರಾಂತಿಯ ಹೊತ್ತಿಗೆ ಹೂವು ಕಾಣಬಹುದು. ಬಂದರೆ ಫೋಟೋ ಕಳಿಸಿ.