ಹಿಂದಿಯೋ ತಮಿಳೋ: ಸಿಂಗಪುರದ ಕನ್ನಡ ಮನೆಗಳ ಜಗಳ

ಮಗು ಪ್ರೈಮರಿ ಒಂದಕ್ಕೆ ಸೇರುವ ಹೊತ್ತಿಗೆ ಸಿಂಗಪುರದ ಕನ್ನಡ ಮನೆಗಳಲ್ಲಿ ಒಂದು ಜಗಳ ಏಳುತ್ತದೆ: ಎರಡನೇ ಭಾಷೆ ಹಿಂದಿಯೋ ತಮಿಳೋ? ಉಪನ್ಯಾಸ ಮಾಲೆಯೊಂದರ ಈ ಸಂಜೆ ಉಪನ್ಯಾಸಕಿ ಹಿಡಿದು ಕೂತದ್ದು ಇದೊಂದನ್ನೇ. ಇತಿಹಾಸ ಎರಡು ಮಾತಿನಲ್ಲಿ ಮುಗಿಯಿತು. 1966ರಿಂದ ಸೆಕೆಂಡರಿಯಲ್ಲೂ ಎರಡನೇ ಭಾಷೆ ಕಡ್ಡಾಯ. ತಮಿಳಿನ ಜೊತೆಗೆ 1990ರ ದಶಕದಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಬಂದವು. ಕನ್ನಡ ಬರಲಿಲ್ಲ.

ಹಾಗೆಂದು ಎರಡನೇ ಭಾಷೆ ಉಪೇಕ್ಷಿಸುವ ವಿಷಯವಲ್ಲ. ಪ್ರೈಮರಿ ಆರರ ಪಿಎಸ್‌ಎಲ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನಕ್ಕಿರುವಷ್ಟೇ ತೂಕ ಈ ಭಾಷೆಗೂ ಇದೆ. 2021ರಿಂದ ಪ್ರತಿ ವಿಷಯಕ್ಕೂ 1ರಿಂದ 8ರವರೆಗೆ ಮಟ್ಟ. ನಾಲ್ಕರ ಮೊತ್ತ ಕಡಿಮೆಯಾದಷ್ಟೂ ಬೇಕಾದ ಸೆಕೆಂಡರಿ ಶಾಲೆ ಹತ್ತಿರ.

ಹಿಂದಿಯವರ ವಾದ ಎಲ್ಲರಿಗೂ ಗೊತ್ತು: ನಾಳೆ ಊರಿಗೆ ಮರಳಿದರೆ ಅನುಕೂಲ, ಅಪ್ಪ ಅಮ್ಮನೂ ಶಾಲೆಯಲ್ಲಿ ಹಿಂದಿ ಓದಿದ್ದಾರೆ. ಉಪನ್ಯಾಸಕಿಯದು ತಮಿಳಿನ ಪಕ್ಷ. ಹಿಂದಿಯಲ್ಲಿ ಕುರ್ಸಿ ಹೆಣ್ಣು, ದರ್ವಾಜಾ ಗಂಡು. ಕ್ರಿಯಾಪದವೂ ಅದರಂತೆ ಬದಲಾಗಬೇಕು. ಕನ್ನಡದ ಮಗುವಿಗೆ ಈ ಕಾಟ ಮನೆಯಲ್ಲಿಲ್ಲ, ತಮಿಳಲ್ಲೂ ಇಲ್ಲ. ‘ನನಗೆ ಬೇಕು’ ಎನ್ನುವ ಮಗುವಿಗೆ ‘ಎನಕ್ಕು ವೇಣುಂ’ ಹೊಸದೇ? ಪಾಠದ ತಮಿಳೇ ಬೇರೆ, ಟೆಕ್ಕಾ ಮಾರ್ಕೆಟ್ಟಿನ ತಮಿಳೇ ಬೇರೆ ಎಂಬ ತೊಡಕನ್ನು ಮಾತ್ರ ಅವರು ಬೇಗ ದಾಟಿಬಿಟ್ಟರು.

ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು ಆಗುವುದು ಹೊಸದಲ್ಲ ಎನ್ನಲು ಆಮೇಲೆ ಮಾತು ಆಂಧ್ರದ ಗಡಿಯ ಮುಳಬಾಗಿಲಿಗೆ ಹೊರಳಿತು. ಅಲ್ಲಿನ ಕನ್ನಡ ಶಾಲೆಯಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಅಲ್ಲಿನ ಮೇಷ್ಟ್ರು ಲೆಕ್ಕವನ್ನು ಮೊದಲು ತೆಲುಗಲ್ಲಿ ಹೇಳಿಸಿ, ಆಮೇಲೆ ಕನ್ನಡದಲ್ಲಿ ಬರೆಸುತ್ತಿದ್ದರಂತೆ. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಎಲ್ಲರೂ ಗಪ್‌ಚುಪ್. ಕನ್ನಡದ ಲೇಖಕರಲ್ಲೂ ಮಾಸ್ತಿಯವರ ಮನೆಯಲ್ಲಿ ತಮಿಳು, ಬೇಂದ್ರೆಯವರ ಮನೆಯಲ್ಲಿ ಮರಾಠಿ. ಇದನ್ನು ಸಭೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರಶ್ನೆಯ ಹೊತ್ತಿಗೆ ಹಿಂದಿನ ಸಾಲಿನ ತಾಯಿಯೊಬ್ಬರು ಎದ್ದರು. “ಮೇಡಂ, ನಮ್ಮ ಹುಡುಗ ಮನೆಯಲ್ಲೂ ಇಂಗ್ಲಿಷಲ್ಲೇ ಉತ್ತರ ಕೊಡ್ತಾನೆ. ಅವನಿಗೆ ತಮಿಳು ಹೇಗೆ ಹತ್ತಿರವಾಗತ್ತೆ?”

“ಆಗ ಎರಡೂ ಅಷ್ಟೇ ದೂರ,” ಎಂದು ಉಪನ್ಯಾಸಕಿ ಒಪ್ಪಿಕೊಂಡರು. ಕನ್ನಡವನ್ನೂ ಪಟ್ಟಿಗೆ ಸೇರಿಸಿ ಎಂದು ಕೇಳಬಾರದೇಕೆ ಎಂದು ಇನ್ನೊಬ್ಬರು. ಕೇಳಬೇಕು ಎಂದ ಉಪನ್ಯಾಸಕಿಯೇ ತಿರುಗಿ ಸಭೆಯನ್ನು ಕೇಳಿದರು: “ಅದೂ ಪರೀಕ್ಷೆಯ ವಿಷಯವಾದರೆ, ಟ್ಯೂಷನ್‌ಗೆ ಕಳಿಸಿ ನಾವು ಮನೆಯಲ್ಲಿ ಮಾತಾಡೋದು ಬಿಟ್ಟುಬಿಡ್ತೀವಾ?”